ಪಗಾರ ಗುಟ್ಟಲ್ಲ, ಕೇಳುವುದು ತಪ್ಪಲ್ಲ

‘ಸರ್ಕಾರಿ ನೌಕರರ ಪಗಾರ ಕೇಳಬಾರದು, ಅದು ಅವರ ಖಾಸಗಿ ವಿಷಯ. ಕೇಳಿದರೂ ಕೊಡೂದಿಲ್ಲ.’ ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರ ಕಡೆ ಓದಿದವರ ಬಾಯಲ್ಲೂ ಇದೇ ಮಾತು. ಕೇಳಿ ಕೇಳಿ ಸಾಕಾಗಿದೆ.

2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮು ತೆಗೆದು ನೋಡಿ. ಯಾರೂ ಕೇಳದೆಯೇ ಕಚೇರಿ ತಾನಾಗಿ ಪ್ರಕಟಿಸಬೇಕಾದ 17 ಬಾಬತ್ತುಗಳು ಅಲ್ಲಿವೆ. ಹತ್ತನೆಯದೇ ಪ್ರತಿಯೊಬ್ಬ ಅಧಿಕಾರಿ, ನೌಕರರ ತಿಂಗಳ ಪಗಾರ. ತಹಸೀಲ ಕಚೇರಿ, ಪಂಚಾಯತ ಸಮಿತಿ, ಜಿಲ್ಲಾ ಪರಿಷತ್ತು ಯಾವುದಕ್ಕೂ ಇದರಿಂದ ವಿನಾಯಿತಿ ಇಲ್ಲ. ನೌಕರರ ತೆರಿಗೆ ರಿಟರ್ನು, ಆಸ್ತಿ ವಿವರ, ಮೆಮೊಗಳು ವೈಯಕ್ತಿಕ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ವೈಯಕ್ತಿಕ ಮಾಹಿತಿಯ ಬಾಗಿಲನ್ನು ಇನ್ನಷ್ಟು ಬಿಗಿ ಮಾಡಿದ್ದೂ ನಿಜ. ಆದರೆ ಈ ಹತ್ತನೆಯ ಬಾಬತ್ತನ್ನು ಅದು ಮುಟ್ಟಿಲ್ಲ. ಜನರ ತೆರಿಗೆಯಿಂದ ಹೋಗುವ ಹಣದ ಲೆಕ್ಕ ಜನರದ್ದೇ.

ಲೆಕ್ಕ ನೋಡದಿದ್ದರೆ ಆಗುವುದೇನು? ‘ಸಾಲಿ ಮಾಸ್ತರರಿಗೆಲ್ಲ ಲಕ್ಷ ರೂಪಾಯಿ ಪಗಾರ’ ಎಂಬ ಮಾತು ಕಟ್ಟೆಯಿಂದ ಕಟ್ಟೆಗೆ ಹಬ್ಬುತ್ತದೆ. ಮಹಾರಾಷ್ಟ್ರದಲ್ಲಿ ಹೊಸದಾಗಿ ಸೇರಿದ ಪ್ರಾಥಮಿಕ ಶಿಕ್ಷಕ ಮೊದಲ ಮೂರು ವರ್ಷ ‘ಶಿಕ್ಷಣ ಸೇವಕ’. 2023ರಲ್ಲಿ ಹೆಚ್ಚಿಸಿದ ಮೇಲೂ ಅವರಿಗೆ ಸಿಗುವ ಮಾನಧನ ತಿಂಗಳಿಗೆ 16,000 ರೂಪಾಯಿ. ಅದಕ್ಕೂ ಮೊದಲು 6,000 ಇತ್ತು. ಆ ಹುಡುಗರ ಮೇಲೆ ಊರು ಸುಮ್ಮನೆ ಸಿಟ್ಟಾಗುತ್ತದೆ.

‘ನಮಗೆ ಮರಾಠಿ ಬರೆಯಲಿಕ್ಕೆ ಬರೂದಿಲ್ಲ’ ಎಂದು ಹಿಂದೆ ಸರಿಯುವವರೂ ಇದ್ದಾರೆ. 1956ರವರೆಗೆ ನಿಲಂಗಾ, ಉದಗೀರ ಬೀದರ ಜಿಲ್ಲೆಯಲ್ಲೇ ಇದ್ದವು; ಇಂದಿಗೂ ಅಲ್ಲಿನ ಎಷ್ಟೋ ಮನೆಗಳ ಮಾತು ಕನ್ನಡ. ಅರ್ಜಿ ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ಇರಬೇಕೆಂಬುದು ಸರಿ. ಆದರೆ ಬರೆಯಲಾಗದವರು ಬಾಯಲ್ಲಿ ಹೇಳಿದರೆ ಅದನ್ನು ಬರಹಕ್ಕಿಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯ ಎಂದು 6ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ‘ನಿನಗ್ಯಾಕ ಬೇಕು?’ ಎಂದು ಕೇಳುವ ಅಧಿಕಾರವೂ ಅವರಿಗಿಲ್ಲ. ಕಾರಣ ಕೊಡಬೇಕಿಲ್ಲ ಎಂಬುದೂ ಅದೇ ಕಲಮಿನಲ್ಲಿದೆ.

ಶಾಲೆಯ ವಿಷಯದಲ್ಲಂತೂ ಅರ್ಜಿಯೂ ಬೇಡ. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇದೆ, ಮಹಾರಾಷ್ಟ್ರದ್ದು 27ರಿಂದ ಶುರು. ಯುಡೈಸ್ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಶಿಕ್ಷಕರೆಷ್ಟು, ಕೋಣೆಗಳೆಷ್ಟು, ಶೌಚಾಲಯ ಇದೆಯೋ ಇಲ್ಲವೋ ಮೊಬೈಲಿನಲ್ಲೇ ಕಾಣುತ್ತದೆ.

ವಾಟ್ಸಾಪಿನಲ್ಲಿ ಬಂದ, ಹೆಸರಿಲ್ಲದ ಪಗಾರದ ಪಟ್ಟಿಯನ್ನು ನಂಬಿ ಹತ್ತು ಜನರಿಗೆ ಕಳಿಸುತ್ತೇವೆ. ಕಚೇರಿಯ ಸಹಿ, ಶಿಕ್ಕೆ ಇರುವ ಪಟ್ಟಿಯನ್ನು ಒಮ್ಮೆಯೂ ಕೇಳುವುದಿಲ್ಲ. ಇದು ನನಗೆ ನಿಜವಾಗಿ ನೋವಿನ ಸಂಗತಿ.

ಕೇಳುವ ರೀತಿ ಇಷ್ಟೇ: ಜೋಡಪತ್ರ ‘ಅ’ ನಮೂನೆಯ ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಬರೆಯಿರಿ, 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಹಚ್ಚಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಬೇಡ. ಕೊಟ್ಟ ಅರ್ಜಿಗೆ ಪೋಚ್ ತಪ್ಪದೆ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ 20 ರೂಪಾಯಿಯ ಸ್ಟಾಂಪು ಹಚ್ಚಿ ಮೊದಲ ಅಪೀಲು ಹಾಕಿ.