ಕತ್ತಲಲ್ಲಿ ಹುಲಿಯ ಛಾಯಾಚಿತ್ರ

ನಾಗರಹೊಳೆಯ ಕಾಡುದಾರಿಯಲ್ಲಿ ನಡುರಾತ್ರಿ ಹುಲಿಯೊಂದು ನಡೆದುಬರುತ್ತಿದೆಯೆಂದು ಭಾವಿಸೋಣ. ಅಲ್ಲಿ ಮನುಷ್ಯರಾರೂ ಇಲ್ಲ. ಆದರೂ ಅದರ ಪಟ್ಟೆಗಳನ್ನು ಎಣಿಸಬಹುದಾದಷ್ಟು ಸ್ಫುಟವಾದ ಛಾಯಾಚಿತ್ರ ನಮಗೆ ದೊರೆಯುತ್ತದೆ. ಇದು ಹೇಗೆ ಸಾಧ್ಯ?

ಹಗಲಿನಲ್ಲಿ ನಾವು ವಸ್ತುವನ್ನು ನೋಡಿ, ಮಸೂರವನ್ನು ಹಿಂದೆಮುಂದೆ ಸರಿಸಿ, ಬಿಂಬವನ್ನು ಸ್ಫುಟಗೊಳಿಸುತ್ತೇವೆ. ಕತ್ತಲಲ್ಲಿ ಅದಕ್ಕೆ ಅವಕಾಶವಿಲ್ಲ. ಆದುದರಿಂದ ಪ್ರಾಣಿಯು ಹಾದುಹೋಗಲಿರುವ ಜಾಗಕ್ಕೆ ಮಸೂರವನ್ನು ಮೊದಲೇ ಹೊಂದಿಸಿಡಬೇಕು. ಹುಲಿ ಒಂದಡಿ ಈಚೆಗೆ ಬಂದರೂ ಚಿತ್ರ ಮಸಕಾಗಬಾರದಷ್ಟೆ? ಅದಕ್ಕಾಗಿ ಮಸೂರದ ರಂಧ್ರವನ್ನು ಕಿರಿದುಗೊಳಿಸುತ್ತಾರೆ. ಆಗ ಹತ್ತಿರದ ಮತ್ತು ದೂರದ ವಸ್ತುಗಳೆರಡೂ ಸಾಕಷ್ಟು ಸ್ಫುಟವಾಗಿ ಮೂಡುವುವು. ಆದರೆ ರಂಧ್ರದ ವ್ಯಾಸ ಅರ್ಧವಾದರೆ ಒಳಬರುವ ಬೆಳಕು ಕಾಲುಭಾಗಕ್ಕೆ ಇಳಿಯುವುದು. ಈ ಕೊರತೆಯನ್ನು ಫ್ಲಾಷ್ ದೀಪ ತುಂಬುತ್ತದೆ. ಅದು ಸೆಕೆಂಡಿನ ಅತ್ಯಲ್ಪ ಭಾಗದಷ್ಟು ಕಾಲ ಮಾತ್ರ ಬೆಳಗುವುದರಿಂದ, ನಡೆಯುವ ಪ್ರಾಣಿಯೂ ಚಿತ್ರದಲ್ಲಿ ನಿಂತಂತೆ ಕಾಣುತ್ತದೆ.

ಇನ್ನು ಗುಂಡಿ ಒತ್ತುವವರಾರು? ಪ್ರಾಣಿಯೇ! 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಜಾರ್ಜ್ ಶೈರಸ್ ಅವರು ದಾರ ಕಟ್ಟಿ, ಅದನ್ನೆಳೆದ ಪ್ರಾಣಿಗಳಿಂದಲೇ ಅವುಗಳ ಚಿತ್ರ ತೆಗೆಸಿದರು. 1920ರ ದಶಕದಲ್ಲಿ ಉತ್ತರ ಭಾರತದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಅವರು ಇದೇ ಉಪಾಯದಿಂದ ಹುಲಿಯ ಚಿತ್ರ ಪಡೆದರು. ಈಗ ದಾರದ ಬದಲು ಅವಕೆಂಪು ಕಿರಣಗಳನ್ನು ಗ್ರಹಿಸುವ ಸಂವೇದಕವಿದೆ. ತಂಪಾದ ಹಿನ್ನೆಲೆಯ ಮುಂದೆ ಬೆಚ್ಚನೆಯ ಮೈ ಚಲಿಸಿದೊಡನೆ ಅದು ಕ್ಯಾಮರಾವನ್ನು ಚಾಲನೆಗೊಳಿಸುತ್ತದೆ. ಬೇಸಗೆಯ ಮಧ್ಯಾಹ್ನದಲ್ಲಿ ನೆಲವೂ ಮೈಯಷ್ಟೇ ಕಾದಿದ್ದರೆ ಅದು ಸೋಲುವುದುಂಟು.

ಇಷ್ಟು ಶ್ರಮವೇಕೆ? ಹಿಂದೆ ಹೆಜ್ಜೆಗುರುತುಗಳನ್ನು ನೋಡಿ ಹುಲಿಗಳನ್ನು ಎಣಿಸುತ್ತಿದ್ದರು. ಒಂದೇ ಹುಲಿಯ ಗುರುತು ಮಣ್ಣಿಗೆ ತಕ್ಕಂತೆ ಬದಲಾಗುವುದರಿಂದ ಲೆಕ್ಕ ತಪ್ಪುತ್ತಿತ್ತು. ಪಟ್ಟೆಗಳು ಹಾಗಲ್ಲ, ಒಂದರ ವಿನ್ಯಾಸ ಮತ್ತೊಂದಕ್ಕಿಲ್ಲ. ಒಂದೇ ಹುಲಿಯ ಎಡಬಲ ಪಕ್ಕೆಗಳೂ ಬೇರೆಬೇರೆ. ಆದುದರಿಂದಲೇ ದಾರಿಯ ಎರಡು ಬದಿಗೂ ಕ್ಯಾಮರಾ ಇಡಬೇಕು. 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಈ ಮಾರ್ಗವನ್ನು ಅನುಸರಿಸಿದರು. ಒಮ್ಮೆ ಚಿತ್ರಕ್ಕೆ ಸಿಕ್ಕ ಹುಲಿಗಳಲ್ಲಿ ಎಷ್ಟು ಮತ್ತೆ ಸಿಕ್ಕುವುವೆಂಬುದನ್ನು ನೋಡಿ, ಸಿಕ್ಕದೆ ಉಳಿದವುಗಳ ಸಂಖ್ಯೆಯನ್ನೂ ಗಣಿತದಿಂದ ಅಂದಾಜು ಮಾಡಬಹುದು. 2018ರ ರಾಷ್ಟ್ರೀಯ ಗಣತಿಯಲ್ಲಿ ಇಂಥ ಕ್ಯಾಮರಾಗಳನ್ನು 26,838 ಸ್ಥಳಗಳಲ್ಲಿ ಇಡಲಾಗಿತ್ತು.

ಚಿತ್ರ ಮಸಕಾದರೆ ಒಂದು ಹುಲಿ ಲೆಕ್ಕದಿಂದ ಬಿಟ್ಟುಹೋಗಬಹುದು, ಇಲ್ಲವೆ ಒಂದೇ ಹುಲಿ ಎರಡಾಗಬಹುದು. ಎಷ್ಟು ಉಳಿದಿವೆಯೆಂದು ತಿಳಿಯದೆ ನಾವು ಅವುಗಳನ್ನು ಉಳಿಸುವುದೆಂತು?