ಭತ್ತಕ್ಕೆ ಸದಾ ನೀರು ನಿಲ್ಲಿಸಬೇಕೇ?

ನಾಟಿಯಾದ ಗದ್ದೆಗೆ ಇಳಿದಾಗ ಕಾಲಿನ ಸುತ್ತ ಬುಳುಬುಳು ಅಂತ ಗುಳ್ಳೆ ಏಳೋದನ್ನು ನೀವೂ ನೋಡಿರ್ತೀರಿ. ಅದರಲ್ಲಿ ಮೀಥೇನ್ ಇರುತ್ತದೆ, ಅಂದ್ರೆ ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯೋ ಅನಿಲವೇ. ನೀರು ನಿಂತ ಮಣ್ಣಿನೊಳಗೆ ಗಾಳಿ ಇರೋದಿಲ್ಲ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಅಲ್ಲಿ ಹಳೇ ಕೂಳೆ, ಹಸಿ ಸೊಪ್ಪು ಕೊಳೆಯುವಾಗ ಇದನ್ನು ಉಂಟುಮಾಡುತ್ತವೆ. ಗುಳ್ಳೆಯಾಗಿ ಹೋಗೋದು ಸ್ವಲ್ಪ. ಬಹುಪಾಲು ಭತ್ತದ ಗಿಡದೊಳಗಿನಿಂದಲೇ ಹೊರಬೀಳುತ್ತದೆ. ಬೇರಿಗೆ ಉಸಿರು ಇಳಿಸಲು ಗಿಡ ಮಾಡಿಕೊಂಡಿರೋ ಗಾಳಿದಾರಿಯೇ ಮೀಥೇನಿಗೆ ಹೊಗೆ ಕೊಳವೆ ಆಗಿಬಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ.

ನಿಜ ಹೇಳ್ತೀನಿ, ನಾನು ಇದಕ್ಕೆ ಕೈ ಹಾಕಿದ್ದು ಹವಾಮಾನದ ಚಿಂತೆಯಿಂದಲ್ಲ, ಬೋರ್‌ವೆಲ್ ನೀರು ಕಮ್ಮಿಯಾಗಿದ್ದಕ್ಕೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹಬ್ಬಿಸಿದ ವಿಧಾನ ಇದು: ಗದ್ದೆಯನ್ನು ಒಮ್ಮೆ ನೆನೆಸಿ, ಒಮ್ಮೆ ಆರಿಸೋದು. 30 ಸೆಂ.ಮೀ. ಉದ್ದದ, ಕೈ ಹಿಡಿಯುವಷ್ಟು ಅಗಲದ ಪಿವಿಸಿ ಪೈಪಿನ ಕೆಳಗಿನ 20 ಸೆಂ.ಮೀ.ಗೆ ಸುತ್ತಲೂ ತೂತು ಕೊರೆದು, ಅಷ್ಟನ್ನೂ ಮಣ್ಣಿಗೆ ಇಳಿಸಿ, ಒಳಗಿನ ಕೆಸರು ತೆಗೀರಿ. ಬದುವಿನ ಹತ್ತಿರವೇ ಇರಲಿ, ದಿನಾ ನೋಡಬೇಕಲ್ಲ. ಪೈಪಿನೊಳಗೆ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ 5 ಸೆಂ.ಮೀ. ನಿಲ್ಲುವಷ್ಟು ನೀರು ಕಟ್ಟಿ. ಮೇಲೆ ಒಣಗಿದಂತೆ ಕಂಡರೂ ಬೇರಿಗೆ ನೀರು ಸಿಗ್ತಾ ಇರುತ್ತದೆ. ಮಣ್ಣಿಗೆ ಗಾಳಿ ಹೊಕ್ಕಿದ್ದರಿಂದ ಮೀಥೇನ್ ಹುಟ್ಟೋದು ತಗ್ಗುತ್ತದೆ.

ಮೊದಲ ವರ್ಷ ನಾನು ಕೆಟ್ಟೆ. ಹೂ ಬಿಡೋ ಹೊತ್ತಿನಲ್ಲೂ ಆರಲು ಬಿಟ್ಟು, ಕಾಲು ಎಕರೆಯಲ್ಲಿ ಬರೀ ಜಳ್ಳು. "ಪೈಪಿಗೆ ನೀರು ಕುಡಿಸು ಮಾರಾಯ" ಅಂತ ಪಕ್ಕದ ಗದ್ದೆಯ ಅಣ್ಣ ನಕ್ಕರು. ಹೂವಿಗೆ ಒಂದು ವಾರ ಮುಂಚಿನಿಂದ ಒಂದು ವಾರ ನಂತರದವರೆಗೆ ನೀರು ನಿಂತಿರಲೇಬೇಕು. ನಾಟಿಯಾದ ಮೊದಲ ಎರಡು ವಾರವೂ ಅಷ್ಟೇ, ಇಲ್ಲದಿದ್ರೆ ಕಳೆ ನುಗ್ಗುತ್ತೆ. ಎರೆಭೂಮಿಯವರು ದೊಡ್ಡ ಬಿರುಕು ಬರೋವರೆಗೆ ಕಾಯಬೇಡಿ. ಕಟ್ಟಿದ ನೀರೆಲ್ಲ ಬಿರುಕಿಗೇ ಹೋಗುತ್ತೆ. ಚೌಳು ನೆಲದಲ್ಲಿ ಮಾಡಲೇಬೇಡಿ.

ಇನ್ನೊಂದು ತೊಡಕು ಯೂರಿಯಾದ್ದು. ನೆನೆದು ಆರುವ ಮಣ್ಣಿನಲ್ಲಿ ಸಾರಜನಕ ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ, ಅದು ಮೀಥೇನಿಗಿಂತ ಜೋರು. ಹಾಗಾಗಿ ಯೂರಿಯಾವನ್ನು ಒಂದೇ ಸಲ ಸುರಿಯದೆ ಕಂತಿನಲ್ಲಿ, ನೀರು ಕಟ್ಟುವ ಮುಂಚೆ ಎರಚಿ, ಅದೇ ದಿನ ನೀರು ಬಿಡಿ. ಈ ಸಲ ಪಕ್ಕದ ಅಣ್ಣನೂ ನನ್ನ ಹತ್ತಿರ ಉಳಿದ ಪೈಪ್ ತುಂಡು ಕೇಳಿದ್ದಾರೆ.