ಕೆರೆ, ನಾಲೆ, ಬಾವಿಗಳ ಒಂದೇ ಲೆಕ್ಕ

ತುಮಕೂರಿನ ಬಳಿಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಬಿದ್ದ ಮಳೆಯು ಎರಡು ಪಾಲಾಗಿ ಹರಿಯುವುದು. ಒಂದು ಪಾಲು ಜಯಮಂಗಲಿಯಾಗಿ ಉತ್ತರ ಪಿನಾಕಿನಿಯನ್ನು ಸೇರುವುದು. ಮತ್ತೊಂದು ಶಿಂಷೆಯಾಗಿ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ನಿಂತು, ಕಡೆಗೆ ಕಾವೇರಿಯನ್ನು ಸೇರುವುದು. ಈ ದಾರಿಯಲ್ಲಿ ಮೇಲಿನ ಊರಿನವರು ಮಾಡಿದ ಕೆಲಸದ ಫಲವನ್ನು ಕೆಳಗಿನವರು ಉಣ್ಣಬೇಕಾಗುವುದು.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಒಂದರ ಕೋಡಿಯ ನೀರು ಮುಂದಿನದಕ್ಕೆ ಹೋಗುವಂತೆ ಕೆರೆಗಳನ್ನು ಸಾಲಾಗಿ ಕಟ್ಟಿದರು. ಮೇಲಿನ ಕೆರೆಯ ಕೋಡಿಯನ್ನು ಒಂದು ಮೊಳ ಎತ್ತರಿಸಿದರೆ ಆ ಊರಿಗೆ ಲಾಭವೇ ಸರಿ. ಆದರೆ ಮಳೆ ಕಡಮೆಯಾದ ವರ್ಷ ಕೆಳಗಿನ ಅಚ್ಚುಕಟ್ಟು ಒಣಗುವುದು. ಹೆಚ್ಚಾದ ವರ್ಷ ಮೇಲಿನ ಏರಿ ಒಡೆದರೆ ಕೆಳಗಿನ ಏರಿಗೂ ಉಳಿಗಾಲವಿಲ್ಲ.

ಹೀಗೆ ಬಿಡಿಬಿಡಿಯಾಗಿ ನೋಡದೆ ಇಡೀ ಸರಣಿಯನ್ನು ಒಂದಾಗಿ ಗಣಿಸಿ ಯೋಜಿಸುವ ಕ್ರಮಕ್ಕೆ ಸಿಸ್ಟಮ್ಸ್ ಇಂಜಿನಿಯರಿಂಗ್ ಎಂದು ಹೆಸರು. ಅಮೆರಿಕದಲ್ಲಿ ದೂರವಾಣಿಯ ಜಾಲಕ್ಕಾಗಿ 1940ರ ದಶಕದಲ್ಲಿ ಬೆಳೆದ ಇದನ್ನು ಮುಂದಿನ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ವಾಂಸರು ನದೀ ಯೋಜನೆಗಳಿಗೂ ಅನ್ವಯಿಸಿದರು. ಹೆಸರು ದೊಡ್ಡದು, ವಿಷಯವು ನಮ್ಮ ನೀರುಗಂಟಿಗೆ ಹೊಸದಲ್ಲ.

ಆದರೆ ಈಗ ಲೆಕ್ಕವು ತೊಡಕಾಗಿರುವುದು. ಗೊರೂರಿನ ಅಣೆಕಟ್ಟಿನಿಂದ ಬರುವ ಹೇಮಾವತಿಯ ನೀರು ಬುಗುಡನಹಳ್ಳಿಯ ಕೆರೆಯನ್ನು ತುಂಬಿ, ಸದಾಶಿವನಗರವೇ ಮೊದಲಾದ ಬಡಾವಣೆಗಳುಳ್ಳ ತುಮಕೂರು ನಗರಕ್ಕೆ ಕುಡಿಯಲು ಒದಗಬೇಕು. ಗುಬ್ಬಿಯ ತೆಂಗು ಅಡಿಕೆಗಳಿಗೆ ಆಸರೆಯಾಗಬೇಕು. ನಾಲೆಯ ತುದಿಯ ಕುಣಿಗಲಿಗೂ ಮುಟ್ಟಬೇಕು. ಕುಣಿಗಲಿನ ಕಡೆಗೆ ನೇರವಾಗಿ ನೀರೊಯ್ಯಲು ಎಕ್ಸ್‌ಪ್ರೆಸ್ ಲಿಂಕ್ ನಾಲೆಯ ಕೆಲಸವನ್ನು ಹೂಡಿದಾಗ, 2024 ಮತ್ತು 2025ರಲ್ಲಿ ಗುಬ್ಬಿ ಮೊದಲಾದೆಡೆಯ ರೈತರು ಪ್ರತಿಭಟಿಸಿದರು. ಇಬ್ಬರ ಮಾತಿನಲ್ಲಿಯೂ ಹುರುಳುಂಟು. ತುದಿಯವನಿಗೆ ತನ್ನ ಪಾಲು ಬರಲಿಲ್ಲವೆಂಬ ಸಂಕಟ. ನಡುವಿನವನಿಗೆ ಇದ್ದುದೂ ಹೋದೀತೆಂಬ ಭಯ.

ಕೊಳವೆಯ ಅಗಲವನ್ನು ಮಾತ್ರ ಅಳೆದರೆ ಇದು ಬಗೆಹರಿಯದು. ಯಾವ ತಿಂಗಳಲ್ಲಿ ಎಷ್ಟು ನೀರು ಬರುವುದು, ನಾಲೆಯಲ್ಲಿ ಎಷ್ಟು ಸೋರುವುದು, ಆ ಸೋರಿಕೆಯಿಂದಲೇ ಎಷ್ಟು ಬಾವಿಗಳು ಜೀವ ಹಿಡಿದಿರುವುವು ಎಂಬುದನ್ನು ಒಟ್ಟಿಗೆ ನೋಡತಕ್ಕದ್ದು. ಸೋರಿಕೆಯೆಲ್ಲವೂ ನಷ್ಟವೆಂದು ನಾಲೆಗೆ ಗಾರೆ ಹಾಕಿದರೆ ತುದಿಗೆ ನೀರು ಹೆಚ್ಚುವುದು, ಪಕ್ಕದ ಬಾವಿಗಳಲ್ಲಿ ಇಳಿಯುವುದು. ಹನಿ ನೀರಾವರಿಯ ಮಾತೂ ಹಾಗೆಯೇ. ಉಳಿಸಿದ ನೀರಿನಿಂದ ಮತ್ತೆರಡು ಎಕರೆ ಅಡಿಕೆ ಇಟ್ಟರೆ ಅಂತರ್ಜಲಕ್ಕೆ ಉಳಿತಾಯವೇನೂ ಇಲ್ಲ.

ಇಂತಹ ಲೆಕ್ಕಕ್ಕೆ ಬೇಕಾದ ಅಂಕಿಗಳು ರೈತನ ಹೊಲದಲ್ಲಿಯೇ ಇರುವುವು. ಮುಂಗಾರಿಗೆ ಮುನ್ನ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ಬಾವಿಯ ನೀರಿನ ಮಟ್ಟವನ್ನೂ, ಊರ ಕೆರೆ ಕೋಡಿಬಿದ್ದ ತಾರೀಖನ್ನೂ ಪ್ರತಿ ಗ್ರಾಮದಲ್ಲಿ ಬರೆದಿಡುವುದು ಉತ್ತಮ.